ಬೇಸಿಗೆಯಲ್ಲಿ ಚೆನ್ನಾಗಿ ಬಂದ ಕೇಕ್ ಮಳೆಗಾಲದಲ್ಲಿ ಯಾಕೆ ಕುಸಿಯುತ್ತೆ?

ಪ್ರಶ್ನೆ: ನಾವಿರುವುದು ಚಿಕ್ಕಮಗಳೂರಿನಲ್ಲಿ. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಬೇಸಿಗೆ ರಜೆಯಲ್ಲಿ ವಿಡಿಯೊ ನೋಡಿಕೊಂಡು ಕುಕ್ಕರ್‌ನಲ್ಲಿ ಕೇಕ್ ಮಾಡೋಕೆ ಶುರು ಮಾಡಿದಳು. ಅವಳ ಆಸೆ ನೋಡಿ ಸೋದರಮಾವ ಒಂದು ಓಟಿಜಿ ಓವನ್ ಕೊಡಿಸಿದ. ಬೆಣ್ಣೆ ಬಿಸ್ಕತ್ತು, ನಾಲ್ಕು ಪುಟ್ಟಬಾಳೆ ಹಾಕಿ ಮಾಡುವ ಮೊಟ್ಟೆಯಿಲ್ಲದ ಕೇಕ್ ಎಲ್ಲ ಚೆನ್ನಾಗಿಯೇ ಬರುತ್ತಿತ್ತು. ಮಳೆ ಹಿಡಿದ ಮೇಲೆ ಕೇಕ್ ಕೆಡುತ್ತಿದೆ. ಮೊದಮೊದಲು ಉಬ್ಬಲೇ ಇಲ್ಲ. ಒಂದು ಚಮಚದ ಬದಲು ಎರಡೂವರೆ ಚಮಚ ಬೇಕಿಂಗ್ ಪೌಡರ್ ಹಾಕಿ ಹೇಗೋ ಸರಿ ಮಾಡಿಕೊಂಡಳು. ಈಗ ಹೊಸ ಡಬ್ಬ ತಂದಿದ್ದೇವೆ. ಕೇಕ್ ಚೆನ್ನಾಗಿ ಉಬ್ಬುತ್ತದೆ, ಆಮೇಲೆ ನಡುವೆ ಗುಂಡಿ ಬೀಳುತ್ತದೆ, ತಳದಲ್ಲಿ ಬೇಯದ ಹಾಗೆ ಅಂಟಂಟು ಪದರ. ಪುಟ್ಟಬಾಳೆ ತುಟ್ಟಿ ಅಂತ ಪಚ್ಚಬಾಳೆ ಹಾಕುತ್ತಿದ್ದಾಳೆ ಅನ್ನೋದು ಬಿಟ್ಟರೆ ಉಳಿದದ್ದೆಲ್ಲ ಅದೇ ಅಳತೆ. ನನಗೆ ಕೈಗುಣ ಇಲ್ಲಮ್ಮ ಅಂತ ಅಳುತ್ತಾಳೆ. ಓವನ್ ಬಾಗಿಲು ತೆಗೆದೂ ತೆಗೆದೂ ಹೀಗಾಗಿದೆ, ಮೈದಾ ಕರುಳಿಗೆ ಅಂಟಿಕೊಳ್ಳುತ್ತೆ, ಸೋಡಾ ಹೊಟ್ಟೆ ಸುಡುತ್ತೆ, ಇದೆಲ್ಲ ಬಿಡಿಸು ಅಂತಾರೆ ನಮ್ಮ ಅತ್ತೆ. ಹೋದ ವಾರ ಟ್ರೇ ತಗುಲಿ ಮಣಿಕಟ್ಟು ಸುಟ್ಟುಕೊಂಡಳು. ಇದರ ನಡುವೆ ಪಕ್ಕದ ಮನೆಯವರು ಮಗುವಿನ ಹುಟ್ಟುಹಬ್ಬಕ್ಕೆ ಒಂದು ಕೆಜಿ ಕ್ರೀಮ್ ಕೇಕ್ ಮಾಡಿಕೊಡು, ದುಡ್ಡು ಕೊಡ್ತೀವಿ ಅಂದಿದ್ದಾರೆ. ಮುಂದುವರಿಸಲು ಬಿಡಲಾ, ನಿಲ್ಲಿಸಲಾ?

ಉತ್ತರ: ನಿಲ್ಲಿಸಬೇಡಿ. ಆದರೆ ಆ ಒಂದು ಕೆಜಿ ಆರ್ಡರ್ ಸದ್ಯಕ್ಕೆ ಬೇಡ ಅನ್ನಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ನೀವು ಕೇಳಿರುವುದರಲ್ಲಿ ಮೂರು ಬೇರೆ ಬೇರೆ ಚಿಂತೆಗಳಿವೆ. ಕೇಕ್ ಯಾಕೆ ಕುಸಿಯುತ್ತಿದೆ, ಇದನ್ನೆಲ್ಲ ಮಕ್ಕಳು ತಿನ್ನಬಹುದಾ, ಮಗಳಿಗೆ ಅಪಾಯ ಇದೆಯಾ. ಮೂರೂ ಒಟ್ಟಿಗೆ ಬಂದಾಗ "ಇದೆಲ್ಲ ನಮಗ್ಯಾಕೆ" ಅನ್ನಿಸುವುದು ಸಹಜ. ಹಾಸನದ ನನ್ನ ಬೇಕಿಂಗ್ ತರಗತಿಗೆ ಬರುವ ಅಮ್ಮಂದಿರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಜೂನ್ ಬಂತೆಂದರೆ ಕುಸಿದ ಕೇಕಿನ ಫೋಟೊಗಳು ಶುರು.

ಮೊದಲು ಗುಂಡಿಯ ವಿಷಯ. ನಿಮ್ಮ ಪತ್ರದಲ್ಲಿ ಎರಡು ಸುಳಿವುಗಳಿವೆ. ಒಂದು, ಹೊಸ ಡಬ್ಬ. ಬೇಕಿಂಗ್ ಪೌಡರ್ ಅಂದರೆ ಅಡುಗೆ ಸೋಡಾ, ಅದಕ್ಕೆ ಸೇರಿಸಿದ ಒಣ ಹುಳಿ ಪುಡಿ, ಜೊತೆಗೆ ಒಂದಿಷ್ಟು ಸ್ಟಾರ್ಚ್. ನೀರು ಸೋಕಿದ ಕೂಡಲೇ ಸೋಡಾ ಮತ್ತು ಹುಳಿ ಸೇರಿ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಸರಿಯಾಗಿ ಕೂರದಿದ್ದರೆ ಗಾಳಿಯ ಪಸೆಯೇ ಸಾಕು. ಈ ಕೆಲಸ ಡಬ್ಬದೊಳಗೇ ನಿಧಾನವಾಗಿ ನಡೆದುಹೋಗುತ್ತದೆ. ಬೇಸಿಗೆಯಲ್ಲಿ ತೆರೆದ ನಿಮ್ಮ ಹಳೆಯ ಡಬ್ಬಕ್ಕೆ ಆಗಿದ್ದು ಇದೇ. ಶಕ್ತಿ ಕಳೆದುಕೊಂಡ ಪುಡಿಯನ್ನು ಎರಡೂವರೆ ಚಮಚ ಹಾಕಿದಾಗ ಅದು ಒಂದು ಚಮಚದಷ್ಟೇ ಕೆಲಸ ಮಾಡಿತು. ಮಗು ಸರಿಯಾಗಿಯೇ ಊಹಿಸಿದ್ದಾಳೆ. ಆದರೆ ಹೊಸ ಡಬ್ಬ ಬಂದ ಮೇಲೂ ಎರಡೂವರೆ ಚಮಚವೇ ಉಳಿಯಿತು ಅಲ್ವಾ? ಈಗ ಅದು ನಿಜವಾದ ಎರಡೂವರೆ ಚಮಚ.

ಅಷ್ಟು ಗಾಳಿ ಹುಟ್ಟಿದರೆ ಕೇಕ್ ಗಡಿಬಿಡಿಯಲ್ಲಿ ಮೇಲೇಳುತ್ತದೆ. ಒಳಗಿನ ಗುಳ್ಳೆಗಳ ಗೋಡೆ ಬೆಂದು ಗಟ್ಟಿಯಾಗುವ ಮೊದಲೇ ಹಿಗ್ಗಿ ಒಡೆಯುತ್ತವೆ. ಉಬ್ಬಿದ ಪೂರಿಗೆ ಬೆರಳು ತಾಗಿಸಿದ ಹಾಗೆ ಕುಸಿಯುತ್ತದೆ. ಮೊಟ್ಟೆ ಹಾಕಿದ ಕೇಕಿನಲ್ಲಿ ಆ ಗೋಡೆಗೆ ಮೊಟ್ಟೆಯ ಬಲ ಇರುತ್ತದೆ. ಮೊಟ್ಟೆಯಿಲ್ಲದ ಕೇಕ್ ಬರೀ ಹಿಟ್ಟನ್ನು ನೆಚ್ಚಿಕೊಂಡು ನಿಲ್ಲಬೇಕು, ಹಾಗಾಗಿ ಈ ತಪ್ಪನ್ನು ಸಹಿಸುವುದಿಲ್ಲ. ಇದಕ್ಕೆ ನಿಮ್ಮೂರಿನ ಎತ್ತರವೂ ಸ್ವಲ್ಪ ಸೇರಿಕೊಳ್ಳುತ್ತದೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ನೀರು 100 ಡಿಗ್ರಿಗೆ ಬದಲು 96–97 ಡಿಗ್ರಿಗೇ ಕುದಿಯುತ್ತದೆ, ಗುಳ್ಳೆಗಳು ಇನ್ನಷ್ಟು ಹಿಗ್ಗುತ್ತವೆ. ಮಂಗಳೂರಿನವರೋ ಚೆನ್ನೈಯವರೋ ಹಾಕಿದ ವಿಡಿಯೊದ ಅಳತೆಯನ್ನು ನೀವು ಹಾಗೇ ತೆಗೆದುಕೊಂಡರೆ ಪೌಡರ್ ಒಂದು ಚಿಟಿಕೆ ಜಾಸ್ತಿಯೇ ಆಗುತ್ತದೆ. ಆದರೆ ಎತ್ತರ ಇಲ್ಲಿ ಸಣ್ಣ ಪಾತ್ರಧಾರಿ, ಬೇಸಿಗೆಯಲ್ಲೂ ಊರು ಅಷ್ಟೇ ಎತ್ತರದಲ್ಲಿತ್ತು.

ಎರಡನೇ ಸುಳಿವು ಬಾಳೆಹಣ್ಣು. "ಉಳಿದದ್ದೆಲ್ಲ ಅದೇ ಅಳತೆ" ಅಂದಿರಿ. ಒಂದು ಪುಟ್ಟಬಾಳೆ ಸುಲಿದರೆ 40ರಿಂದ 60 ಗ್ರಾಂ ತೂಗುತ್ತದೆ. ಪಚ್ಚಬಾಳೆ ಒಂದೊಂದೂ 100 ಗ್ರಾಂ ದಾಟುತ್ತದೆ. ನಾಲ್ಕು ಪುಟ್ಟಬಾಳೆ ಅಂದರೆ ಸುಮಾರು 200 ಗ್ರಾಂ, ನಾಲ್ಕು ಪಚ್ಚಬಾಳೆ ಅಂದರೆ 400ಕ್ಕೂ ಮೇಲೆ. ಎರಡು ಪಟ್ಟು! ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರೇ. ಅಷ್ಟು ನೀರನ್ನು ಅದೇ ಮೈದಾ ಹೀರಿಕೊಳ್ಳಬೇಕು, ಆಗಲ್ಲ. ತಳದ ಅಂಟು ಪದರ ಅದೇ. ಇನ್ನೂ ಇಪ್ಪತ್ತು ನಿಮಿಷ ಬೇಯಿಸಿದರೂ ಅದು ಹೋಗುವುದಿಲ್ಲ, ಮೇಲ್ಭಾಗ ಸೀದುಹೋಗುತ್ತದೆ ಅಷ್ಟೇ.

ಆದ್ದರಿಂದ ಕೈಗುಣ ಇಲ್ಲ ಅನ್ನುವ ಮಾತನ್ನು ಇಲ್ಲಿಗೇ ಬಿಡಿಸಿ. ಸಾರಿಗೆ ಉಪ್ಪು ಕಡಿಮೆಯಾದರೆ ಆಮೇಲೆ ಹಾಕಬಹುದು. ಕೇಕ್ ಒಮ್ಮೆ ಓವನ್ ಸೇರಿತು ಅಂದರೆ ತಿದ್ದಲು ಬರುವುದಿಲ್ಲ. ಅಲ್ಲಿ ಕಣ್ಣಂದಾಜು ನಡೆಯಲ್ಲ, ಎಣಿಕೆಯೂ ನಡೆಯಲ್ಲ, ಗ್ರಾಂ ಮಾತ್ರ ನಡೆಯುತ್ತದೆ. ಮೈದಾವನ್ನೇ ನೋಡಿ. ಕಪ್ಪನ್ನು ಡಬ್ಬಕ್ಕೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ ಹಿಡಿಯುತ್ತದೆ, ಚಮಚದಲ್ಲಿ ಸುರಿದು ಮೇಲೆ ಸವರಿದರೆ 120 ಗ್ರಾಂ. ಅದೇ ಕಪ್ಪು, ಅದೇ ಮೈದಾ. ಮಾವ ಓವನ್ ಕೊಡಿಸಿದ್ದಾರೆ, ನೀವೊಂದು ಅಡುಗೆಮನೆ ತಕ್ಕಡಿ ಕೊಡಿಸಿ. ಬ್ಯಾಟರಿಯಲ್ಲಿ ನಡೆಯುವ ಸಾದಾ ಡಿಜಿಟಲ್ ತಕ್ಕಡಿ ಸಾಕು. ಬಣ್ಣಬಣ್ಣದ ಅಚ್ಚು, ನಾಝಲ್, ತಿರುಗುವ ಸ್ಟ್ಯಾಂಡು ಎಲ್ಲ ಆಮೇಲೆ ನೋಡೋಣ.

ಮುಂದಿನ ಸಲ ಈ ಅಳತೆಯಲ್ಲಿ ಮಾಡಿಸಿ. ಮೈದಾ 180 ಗ್ರಾಂ, ಸಕ್ಕರೆ 120 ಗ್ರಾಂ, ಸುಲಿದು ಮಸೆದ ಬಾಳೆಹಣ್ಣು 200 ಗ್ರಾಂ, ಅದು ಯಾವ ಬಾಳೆಯಾದರೂ ಸರಿ. ಹುಳಿ ಮೊಸರು 60 ಗ್ರಾಂ, ವಾಸನೆಯಿಲ್ಲದ ಎಣ್ಣೆ 80 ಗ್ರಾಂ. ಅಡುಗೆ ಸೋಡಾ ಅರ್ಧ ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಎರಡೂ ಸವರಿದ ಅಳತೆ. ಚಿಟಿಕೆ ಉಪ್ಪು, ಎರಡು ಏಲಕ್ಕಿ. ನಿಮ್ಮೂರಿನಲ್ಲಿ ಇದ್ದುಕೊಂಡು ಒಂದೆರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಹಾಕದಿದ್ದರೆ ಹೇಗೆ! ಬಾಳೆಹಣ್ಣಿಗೂ ಕಾಫಿಗೂ ಚೆನ್ನಾಗಿ ಹೊಂದುತ್ತದೆ, ಒಮ್ಮೆ ನೋಡಿ. ಒಣ ಪದಾರ್ಥಗಳನ್ನು ಎರಡು ಸಲ ಜರಡಿ ಹಿಡಿಯಿರಿ. ಹಸಿ ಪದಾರ್ಥ ಬೇರೆ ಕಲಸಿ, ಎರಡನ್ನೂ ಸೇರಿಸಿದ ಮೇಲೆ ಬಿಳಿ ಹಿಟ್ಟು ಕಾಣದ ಹಾಗಾದ ಕೂಡಲೇ ಕೈ ನಿಲ್ಲಿಸಬೇಕು. ನುಣ್ಣಗಾಗಲಿ ಅಂತ ಸುಮ್ನೆ ಕಲಸುತ್ತಾ ಹೋದರೆ ಮೈದಾದ ಜಿಗುಟು ಬಲಿತು ಕೇಕ್ ರಬ್ಬರಿನಂತಾಗುತ್ತದೆ. ಕಲಸಿದ್ದನ್ನು ಇಟ್ಟುಕೊಂಡು ಕೂರುವಂತಿಲ್ಲ, ಮೊಸರು ಸೋಡಾ ಸೇರಿದ ಕ್ಷಣದಿಂದ ಗಾಳಿ ಹೊರಡಲು ಶುರು. ಏಳು ಇಂಚಿನ ಟಿನ್, 175 ಡಿಗ್ರಿ, ಸುಮಾರು 40ರಿಂದ 45 ನಿಮಿಷ.

ಪುಡಿ ಜೀವಂತ ಇದೆಯಾ ಅಂತ ಪ್ರತಿ ಸಲವೂ ನೋಡಿಕೊಳ್ಳಿ, ಅರ್ಧ ನಿಮಿಷದ ಕೆಲಸ. ಬೇಕಿಂಗ್ ಪೌಡರ್ ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ, ಸೋಡಾ ಕಾಲು ಚಮಚಕ್ಕೆ ನಿಂಬೆರಸ ಹಿಂಡಿ. ಜೋರಾಗಿ ನೊರೆ ಬಂದರೆ ಸರಿ. ನಾಲ್ಕು ಗುಳ್ಳೆ ಎದ್ದು ಸುಮ್ಮನಾದರೆ ಡಬ್ಬ ಬಿಸಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಿಕ್ಕ ಪ್ಯಾಕೆಟ್ಟನ್ನೇ ಕೊಳ್ಳಿ. ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ಒಲೆಯಿಂದ ದೂರ ಇಡಿ. ಒದ್ದೆ ಚಮಚ ಹಾಕಬಾರದು.

ಮಳೆಗಾಲದ ಇನ್ನೊಂದು ತಂಟೆ ಕರೆಂಟು. ಹೋಗುವುದು ಬರುವುದು ಎಲ್ಲರಿಗೂ ಗೊತ್ತು. ವೋಲ್ಟೇಜ್ ಇಳಿದದ್ದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. 230 ವೋಲ್ಟ್ ಇರಬೇಕಾದ ಕಡೆ 200 ಇದ್ದರೆ ಓವನ್ನಿನ ಕಾಯಿಲ್ ಕೊಡುವ ಶಾಖ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. ದೀಪ ಉರಿಯುತ್ತಿರುತ್ತದೆ, ಕಾಯಿಲ್ ಕೆಂಪಗಿರುತ್ತದೆ, ಒಳಗೆ ಮಾತ್ರ ಕಾದಿರುವುದಿಲ್ಲ. ಬೇಸಿಗೆಯಲ್ಲಿ 10 ನಿಮಿಷ ಕಾಯಿಸಿದ್ದರೆ ಈಗ 20 ನಿಮಿಷ ಬೇಕಾಗಬಹುದು. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಸಿಗುತ್ತದೆ, ಆಗುವುದಾದರೆ ಕೊಳ್ಳಿ. ಓವನ್ನಿನ ತಿರುಗಣೆಯಲ್ಲಿ ಬರೆದಿರುವ ಡಿಗ್ರಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಬೇಯುವಾಗಲೇ ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ. ಮುಕ್ಕಾಲು ಬೆಂದಿದ್ದರೆ ಒಳಗಿನ ಶಾಖದಲ್ಲೇ ಉಳಿದದ್ದು ಆಗುತ್ತದೆ. ಮೊದಲ ಹತ್ತು ನಿಮಿಷದಲ್ಲೇ ಹೋದರೆ ಆ ಕೇಕಿನ ಆಸೆ ಬಿಡಿ.

ಇನ್ನು ನಿಮ್ಮ ಅತ್ತೆಯವರ ಮಾತುಗಳು. ಬಾಗಿಲಿನ ವಿಷಯದಲ್ಲಿ ಅವರು ಹೇಳಿದ್ದು ಅರ್ಧ ಸರಿ. ಬಾಗಿಲು ತೆಗೆದರೆ ಶಾಖ ಧಪ್ಪನೆ ಇಳಿಯುತ್ತದೆ, ಕೇಕ್ ಇನ್ನೂ ಗಟ್ಟಿಯಾಗದಿದ್ದರೆ ಕುಸಿಯುತ್ತದೆ. ಮೊದಲ 25 ನಿಮಿಷ ಮುಟ್ಟುವುದೇ ಬೇಡ. ಅಂಚು ಟಿನ್ ಬಿಟ್ಟುಕೊಂಡು, ನಡುವೆ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮತ್ತೆ ಮೇಲೆದ್ದರೆ ಆಗಿದೆ ಅಂತ. ಕಡ್ಡಿ ಚುಚ್ಚಿದಾಗ ಹಸಿ ಹಿಟ್ಟು ಅಂಟಬಾರದು, ಬಾಳೆಹಣ್ಣಿನ ಚೂರು ಅಂಟಿದರೆ ಪರವಾಗಿಲ್ಲ.

ಮೈದಾ ಕರುಳಿಗೆ ಅಂಟಿಕೊಳ್ಳುತ್ತೆ ಅನ್ನೋದು ನಿಜವಲ್ಲ. ಗೋಧಿಯ ತೌಡು, ಮೊಳಕೆ ಭಾಗ ತೆಗೆದು ಬೀಸಿದರೆ ಮೈದಾ. ಉಳಿಯುವುದು ಪಿಷ್ಟ ಮತ್ತು ಪ್ರೋಟೀನ್, ಚಪಾತಿಯಲ್ಲಿ ಇರುವಂಥವೇ. ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತವೆ. ನಾರು ಕಡಿಮೆ, ಅದು ನಿಜ. ಬೇಕಿದ್ದರೆ ಅರ್ಧ ಗೋಧಿಹಿಟ್ಟು ಹಾಕಿ, ಬಾಳೆಹಣ್ಣಿನ ಕೇಕಿಗೆ ಅದು ಒಗ್ಗುತ್ತದೆ. ರಾಗಿಹಿಟ್ಟು ಮೂರನೇ ಒಂದು ಭಾಗ ದಾಟದಿರಲಿ. ರಾಗಿಯಲ್ಲಿ ಆ ಜಿಗುಟು ಇಲ್ಲ, ಜಾಸ್ತಿಯಾದರೆ ಕೇಕ್ ಉದುರಿಹೋಗುತ್ತದೆ. ರಾಗಿಯ ಆಸೆಗೆ ಬಿಸ್ಕತ್ತು ಇದ್ದೇ ಇದೆ.

ಸೋಡಾ ಲೆಕ್ಕ ಹೀಗಿದೆ. ಅರ್ಧ ಟೀ ಚಮಚ ಸೋಡಾದಲ್ಲಿ ಸುಮಾರು 630 ಮಿಲಿಗ್ರಾಂ ಸೋಡಿಯಂ. ಕೇಕನ್ನು ಹತ್ತು ತುಂಡು ಮಾಡಿದರೆ ಒಂದು ತುಂಡಿಗೆ 63. ಹೊಟ್ಟೆ ಸುಡುವ ಮಾತೇ ಇಲ್ಲ. ಮೊಸರಿನ ಹುಳಿ ಸೋಡಾವನ್ನು ತಣಿಸಿಬಿಡುತ್ತದೆ. ಹುಳಿಗಿಂತ ಸೋಡಾ ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ಕೇಕ್ ಕಂದುಗಟ್ಟುತ್ತದೆ, ತಿನ್ನುವವರೇ ದೂರ ಇಡುತ್ತಾರೆ. ಬಿಪಿ ಅಥವಾ ಕಿಡ್ನಿ ತೊಂದರೆಗೆ ಉಪ್ಪು ಬಿಟ್ಟವರು ಮನೆಯಲ್ಲಿದ್ದರೆ ಅವರು ಸೋಡಿಯಂ ಲೆಕ್ಕ ಇಟ್ಟುಕೊಳ್ಳಲಿ.

ನನ್ನನ್ನು ಕೇಳಿದರೆ ಮೈದಾ ಸೋಡಾಕ್ಕಿಂತ ಸಕ್ಕರೆಯ ಮೇಲೆ ಕಣ್ಣಿಡಬೇಕು. ಮೇಲಿನ ಅಳತೆಯಲ್ಲಿ ಒಂದು ತುಂಡಿಗೆ 12 ಗ್ರಾಂ ಸಕ್ಕರೆ ಆಯಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ಹೇಳುತ್ತದೆ. ಎರಡು ತುಂಡು ಮತ್ತು ಸಂಜೆಯ ಕಾಫಿ ಸೇರಿದರೆ ಮುಗಿಯಿತು. ಬೆಲ್ಲ ಹಾಕಿದೆವು, ಹಾಗಾಗಿ ಎಷ್ಟಾದರೂ ತಿನ್ನಬಹುದು ಅನ್ನುವ ಲೆಕ್ಕ ಬೇಡ, ಬೆಲ್ಲವೂ ಸಕ್ಕರೆಯೇ. ರುಚಿಗಾಗಿ ಸಕ್ಕರೆಯ ಬದಲು ಬೆಲ್ಲ ಹಾಕುವುದಾದರೆ ಅಡ್ಡಿಯಿಲ್ಲ. ವಾರಕ್ಕೊಮ್ಮೆ ಕೇಕ್, ಮನೆಮಂದಿಗೆಲ್ಲ ಒಂದೊಂದು ತುಂಡು, ಉಳಿದದ್ದು ಅಕ್ಕಪಕ್ಕಕ್ಕೆ. ಇದು ಹಲಸಿನಹಣ್ಣಿನ ಕಡುಬಿಗೂ ಅನ್ವಯಿಸುವ ಮಾತು.

ಅತ್ತೆಯವರಿಗೆ ಇನ್ನೊಂದು ಸಂಗತಿ ಹೇಳಿ. ಮೊಟ್ಟೆಯಿಲ್ಲದೆ ಬೇಕಿಂಗ್ ಮಾಡುವ ವಿದ್ಯೆ ಹೊರಗಿನಿಂದ ಬಂದ ಶೋಕಿಯೇನಲ್ಲ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ನಮ್ಮ ಹಾಸನ ಜಿಲ್ಲೆಯಲ್ಲಿದೆ. 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಶುರು ಮಾಡಿದವರು ಹಾಸನ ಕಡೆಯವರು. ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಮೆಚ್ಚುವ ಅಜ್ಜಿಯಂದಿರು ಮೊಮ್ಮಗಳ ಓವನ್ ಕಂಡು ಹೆದರಬೇಕಿಲ್ಲ.

ಅಪಾಯ ಇರುವುದು ಬೇರೆ ಕಡೆ. ಮಣಿಕಟ್ಟು ಸುಟ್ಟಿತು ಅಂದಿರಿ. ಮುಂದೆ ಹೀಗಾದರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಪೂರ್ತಿ 20 ನಿಮಿಷ. ಐಸ್, ಟೂತ್‌ಪೇಸ್ಟ್, ಇಂಕು, ಅರಿಶಿನ, ತುಪ್ಪ ಏನೂ ಹಚ್ಚಬಾರದು. ಬೊಬ್ಬೆ ಬಂದರೆ ಒಡೆಯಬೇಡಿ. ಗಾಯ ದೊಡ್ಡದಿದ್ದರೆ, ಮುಖ ಅಥವಾ ಕೀಲಿನ ಮೇಲಿದ್ದರೆ ಡಾಕ್ಟರ ಹತ್ತಿರ ಹೋಗಿ. ಮಣಿಕಟ್ಟು ಯಾಕೆ ಸುಡುತ್ತದೆ ಗೊತ್ತಾ? ಟ್ರೇ ಹಿಡಿದ ಬೆರಳಿಗೆ ಬಟ್ಟೆ ಇರುತ್ತದೆ, ಆದರೆ ಕೈ ಒಳಗೆ ಚಾಚಿದಾಗ ಮೇಲಿನ ಕಾಯಿಲ್ಲೋ ಅಂಚೋ ಮಣಿಕಟ್ಟಿಗೆ ತಾಗುತ್ತದೆ. ಮೊಣಕೈ ತನಕ ಬರುವ ದಪ್ಪ ಗ್ಲೌಸ್ ತೆಗೆದುಕೊಡಿ. ಮಸಿಬಟ್ಟೆ ಒದ್ದೆ ಇದ್ದರೆ ಬಿಸಿ ನೇರವಾಗಿ ಕೈಗೆ ದಾಟುತ್ತದೆ, ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಬಟ್ಟೆಗಳು ಒಣಗಿರುವುದೇ ಅಪರೂಪ. ಬಿಸಿ ಗಾಜಿನ ಬಾಗಿಲಿಗೆ ತಣ್ಣೀರು ಸಿಡಿದರೆ ಗಾಜು ಒಡೆಯಬಹುದು. ಓವನ್ನಿನ ವ್ಯಾಟ್ ನೋಡಿ, 1,300 ದಾಟಿದ್ದರೆ ಮಿಕ್ಸಿ ಹಾಕುವ ಸಣ್ಣ ಪ್ಲಗ್ಗಿಗೆ ಸಿಕ್ಕಿಸಬಾರದು, 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ವೈರ್ ಬೇಡವೇ ಬೇಡ.

ಕುಕ್ಕರ್ ಕೇಕಿಗೆ ಮತ್ತೆ ಹೋಗುವುದಾದರೆ ಗ್ಯಾಸ್ಕೆಟ್, ವೇಟ್ ಎರಡನ್ನೂ ತೆಗೆದಿರಬೇಕು. ನೀರಿಲ್ಲದೆ ಕುಕ್ಕರ್ ಕಾಯಿಸಿದರೆ ಸೇಫ್ಟಿ ವಾಲ್ವ್ ಕರಗುತ್ತದೆ, ಪಾತ್ರೆಯೂ ಹಾಳು. ಅದರ ಬದಲು ಹಳೆಯ ದಪ್ಪ ತಳದ ಪಾತ್ರೆ, ಒಳಗೊಂದು ಸ್ಟ್ಯಾಂಡ್, ಮೇಲೆ ಭಾರದ ಮುಚ್ಚಳ ಸಾಕು. ಇನ್ನು ಪಾತ್ರೆಗೆ ಅಂಟಿದ ಹಸಿ ಹಿಟ್ಟು ನೆಕ್ಕುವ ಅಭ್ಯಾಸ ಮಕ್ಕಳಿಗೆಲ್ಲ ಇದೆ. ಮೊಟ್ಟೆ ಇಲ್ಲ ಅಂದರೂ ಬೇಡ. ಬೇಯಿಸದ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಈಗ ಪಕ್ಕದ ಮನೆಯ ಆರ್ಡರ್. ದುಡ್ಡು ತೆಗೆದುಕೊಂಡು ತಿಂಡಿ ಮಾರಿದ ಕೂಡಲೇ ಅದು ಆಹಾರ ವ್ಯಾಪಾರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಮನೆಯ ಅಡುಗೆಮನೆಯಿಂದ ಮಾರುವವರೂ ನೋಂದಣಿ ಮಾಡಿಸಬೇಕು. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಡೆಸುವ ಫಾಸ್ಕಾಸ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು, ಸಣ್ಣವರಿಗೆ ಅದೇನೂ ದೊಡ್ಡ ಖರ್ಚಲ್ಲ. ಆದರೆ ಅದು ನಿಮ್ಮ ಹೆಸರಿನಲ್ಲಿ ಆಗಬೇಕು, ಹೊಣೆಯೂ ನಿಮ್ಮದೇ.

ಕಾನೂನು ಪಕ್ಕಕ್ಕಿಡೋಣ. ನನಗೆ ಹೆದರಿಕೆ ಇರುವುದು ಕ್ರೀಮ್ ಮತ್ತು ಬಣ್ಣದ ಬಗ್ಗೆ. ಕ್ರೀಮ್ ಹಾಕಿದ ಕೇಕ್ ತಿನ್ನುವ ತನಕ ಫ್ರಿಜ್ಜಿನಲ್ಲೇ ಇರಬೇಕು. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಆಷಾಢದಲ್ಲಿ ಅದು ಕಷ್ಟ. ಬಣ್ಣದ ಕಥೆ ನಿಮಗೂ ನೆನಪಿರಬಹುದು. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ 235 ಕೇಕ್ ಮಾದರಿ ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣದ ತೊಂದರೆ ಕಂಡಿತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಜಾಸ್ತಿ ಕೇಳಿಬಂತು. ಕೇಕ್ ತಿಂದರೆ ಕ್ಯಾನ್ಸರ್ ಅಂತ ವಾಟ್ಸ್ಆ್ಯಪ್ ತುಂಬ ಹರಿದಾಡಿತು. 223 ಮಾದರಿ ಸರಿಯಿತ್ತು ಅನ್ನೋದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಆದರೂ ಬಾಟಲಿಯಿಂದ ಎರಡು ಹನಿ ಬಣ್ಣ ಹಾಕುವ ಕೈ ಹದಿಮೂರು ವರ್ಷದ್ದಾದರೆ ಎರಡು ಹನಿ ಆರಾಗಲು ಹೊತ್ತು ಬೇಕಿಲ್ಲ. ಬೀಟ್‌ರೂಟ್ ರಸ, ಕೋಕೋ, ಕೇಸರಿಯಲ್ಲಿ ಆಗುವಷ್ಟೇ ಬಣ್ಣ ಸಾಕು.

ಇನ್ನೂ ಒಂದಿದೆ. ಕುಸಿದ ಕೇಕ್ ಮನೆಯಲ್ಲಿ ಬೇಜಾರು ತರುತ್ತದೆ, ಪುಡಿ ಮಾಡಿ ಹಾಲು ಹಾಕಿಕೊಂಡು ತಿನ್ನುತ್ತೀರಿ. ಬೇರೆಯವರ ಮಗುವಿನ ಹುಟ್ಟುಹಬ್ಬದ ದಿನ, ದುಡ್ಡು ಪಡೆದ ಮೇಲೆ ಕುಸಿದರೆ ಅವಳು ಮತ್ತೆ ಓವನ್ ಮುಟ್ಟುವುದೇ ಅನುಮಾನ. ನನ್ನ ತರಗತಿಯಿಂದ ಹಾಗೆ ಬಿಟ್ಟುಹೋದವರಲ್ಲಿ ಜಾಣೆಯರೇ ಹೆಚ್ಚು. ಆದ್ದರಿಂದ ಪಕ್ಕದ ಮನೆಯವರಿಗೆ ಹೀಗೆ ಹೇಳಿ: ಕ್ರೀಮ್ ಕೇಕ್ ನೀವು ಬೇಕರಿಯಿಂದ ತನ್ನಿ, ನಮ್ಮವಳು ಒಂದು ಡಬ್ಬ ಬೆಣ್ಣೆ ಬಿಸ್ಕತ್ತು ಉಡುಗೊರೆ ಕೊಡುತ್ತಾಳೆ. ಬಿಸ್ಕತ್ತಿಗೆ ಮಳೆಗಾಲ ಅಷ್ಟು ಕಾಟ ಕೊಡುವುದಿಲ್ಲ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಹಾಕಬೇಕು ಅಷ್ಟೇ. ಗೋಡಂಬಿ, ಕಡಲೆಬೀಜ ಹಾಕಿದ್ದರೆ ಮೊದಲೇ ತಿಳಿಸಿ, ಕೆಲವು ಮಕ್ಕಳಿಗೆ ಅಲರ್ಜಿ ಇರುತ್ತದೆ. ಮೊಟ್ಟೆ ತಿನ್ನದ ಮನೆಯವರಾದರೆ ಮೊಟ್ಟೆ ಕಲಸಿದ ಪಾತ್ರೆಯನ್ನು ಬಳಸಬೇಡಿ, ತೊಳೆದಿದ್ದರೂ ಬೇಡ. ನಮ್ಮ ಕಡೆ ಈ ಒಂದು ವಿಷಯದಲ್ಲಿ ನಂಬಿಕೆ ಕಳೆದುಕೊಂಡರೆ ಮತ್ತೆ ಬರುವುದಿಲ್ಲ.

ತಕ್ಕಡಿ ತಂದು, ಮೇಲಿನ ಅಳತೆಯಲ್ಲಿ ಎರಡು ಸಲ ಮಾಡಿ ನೋಡಲಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಎಷ್ಟು ಗ್ರಾಂ, ಎಷ್ಟು ನಿಮಿಷ, ಕರೆಂಟು ಹೇಗಿತ್ತು ಅಂತ ಅವಳ ಕೈಯಲ್ಲೇ ಬರೆಸಿ. ಆಮೇಲೂ ನಡುವೆ ಕುಸಿದರೆ ಓವನ್ ಎಷ್ಟು ಲೀಟರಿನದು, ಎಷ್ಟು ವ್ಯಾಟ್, ಮೇಲಿನ ಕಾಯಿಲ್ ಹಾಕಿದ್ದಳಾ, ಕೆಳಗಿನದಾ ಅಂತ ಬರೆದು ಕಳಿಸಿ. ಕೇಕನ್ನು ನಡುವೆ ಕತ್ತರಿಸಿ ಒಳಭಾಗದ ಫೋಟೊ ಕಳಿಸಿ. ಮೇಲಿನದು ನನಗೆ ಏನೂ ಹೇಳುವುದಿಲ್ಲ.